ಅಂಗಳದ ಸ್ಟೀರಿಯೊ ರಿಸೀವರ್

ಅಂಗಳದ ಸ್ಟೀರಿಯೊ ರಿಸೀವರ್ ಎಂದರೆ ಮನೆಯ ಅಂಗಳ, ಹಿತ್ತಲು, ಕಟ್ಟೆ, ಮಾಳಿಗೆ ಮೊದಲಾದ ತೆರೆದ ಸ್ಥಳಗಳಲ್ಲಿ ಸಂಗೀತವನ್ನಾಗಲಿ ಬಾನುಲಿ ಕಾರ್ಯಕ್ರಮಗಳನ್ನಾಗಲಿ ಆಲಿಸಲು ಬಳಸುವ, ರೇಡಿಯೊ ಗ್ರಾಹಕ ಮತ್ತು ಎರಡು ವಾಹಿನಿಗಳ ಧ್ವನಿವರ್ಧನೆ ಒಂದೇ ಪೆಟ್ಟಿಗೆಯಲ್ಲಿರುವ ವಿದ್ಯುನ್ಮಾನ ಸಾಧನ. ‘ಅಂಗಳದ’ ಎಂಬ ವಿಶೇಷಣ ಇದ್ದರೂ ರಿಸೀವರ್ ಸಾಮಾನ್ಯವಾಗಿ ಮನೆಯೊಳಗೇ ಇರುತ್ತದೆ. ಹೊರಗಿರುವುದು ಅದಕ್ಕೆ ತಂತಿಯ ಮೂಲಕ ಜೋಡಿಸಿದ ಸ್ಪೀಕರುಗಳು ಮಾತ್ರ. ಕಡಿಮೆ ವೆಚ್ಚದಲ್ಲಿ ಇಂತಹ ವ್ಯವಸ್ಥೆಯನ್ನು ಆರಿಸುವಾಗ ಪೆಟ್ಟಿಗೆಯ ಮೇಲೆ ಮುದ್ರಿತವಾದ ವ್ಯಾಟ್ ಸಂಖ್ಯೆಗಿಂತ ಸ್ಪೀಕರಿನ ಸಂವೇದನಶೀಲತೆ, ಕೇಳುಗರಿಂದ ಅದಕ್ಕಿರುವ ದೂರ, ತಾಪ ಮತ್ತು ಧೂಳಿನಿಂದ ರಕ್ಷಣೆ ಹಾಗೂ ವಿದ್ಯುತ್ ಸುರಕ್ಷತೆ ಹೆಚ್ಚು ನಿರ್ಣಾಯಕವಾಗುತ್ತವೆ. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿ ಭಾಗದ ಕಲ್ಲುಹಾಸಿನ ಅಂಗಳಗಳು, ತೀವ್ರ ಬೇಸಿಗೆ ಮತ್ತು ಸುಣ್ಣಕಲ್ಲಿನ ಧೂಳು ಈ ಅಂಶಗಳನ್ನು ವಿಶೇಷವಾಗಿ ಮುನ್ನೆಲೆಗೆ ತರುತ್ತವೆ.

## ಹಿನ್ನೆಲೆ

ಎರಡು ವಾಹಿನಿಗಳಲ್ಲಿ ಧ್ವನಿಯನ್ನು ದಾಖಲಿಸಿ ಪುನರುತ್ಪಾದಿಸುವ ಸ್ಟೀರಿಯೊ ತಂತ್ರಕ್ಕೆ ಇಂಗ್ಲೆಂಡಿನ ಎಂಜಿನಿಯರ್ ಅಲನ್ ಬ್ಲೂಮ್ಲೈನ್ 1931ರಲ್ಲಿ ಪೇಟೆಂಟ್ ಅರ್ಜಿ ಸಲ್ಲಿಸಿದರು. ಅಮೆರಿಕದಲ್ಲಿ 1961ರಲ್ಲಿ ಎಫ್‌ಎಂ ಸ್ಟೀರಿಯೊ ಪ್ರಸಾರಕ್ಕೆ ಅನುಮತಿ ದೊರೆತ ಬಳಿಕ, ರೇಡಿಯೊ ಮತ್ತು ಆಂಪ್ಲಿಫೈಯರ್ ಎರಡನ್ನೂ ಒಳಗೊಂಡ ಸ್ಟೀರಿಯೊ ರಿಸೀವರ್ ಗೃಹೋಪಯೋಗಿ ಸಾಧನವಾಗಿ ಜನಪ್ರಿಯವಾಯಿತು. ಭಾರತದಲ್ಲಿ ಎಫ್‌ಎಂ ಪ್ರಸಾರ 1977ರಲ್ಲಿ ಮದ್ರಾಸಿನಲ್ಲಿ ಆರಂಭವಾಯಿತು.

ಕನ್ನಡ ನಾಡಿನಲ್ಲಿ ಬಾನುಲಿಯ ಇತಿಹಾಸ 1935ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಸ್ಥಾಪಿಸಿದ ‘ಆಕಾಶವಾಣಿ’ ಕೇಂದ್ರದಿಂದ ತೊಡಗುತ್ತದೆ. ಕಲಬುರಗಿ ಪ್ರದೇಶ 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದ ಭಾಗವಾಗಿತ್ತು. ಕಲಬುರಗಿಯ ಆಕಾಶವಾಣಿ ಕೇಂದ್ರ 1966ರಲ್ಲಿ ಆರಂಭವಾಯಿತು. ರೇಡಿಯೊ ಅಪರೂಪದ ವಸ್ತುವಾಗಿದ್ದ ಆ ದಶಕಗಳಲ್ಲಿ, ಒಂದು ಮನೆಯ ಕಟ್ಟೆಯ ಮೇಲಿಟ್ಟ ಅಥವಾ ಪಂಚಾಯಿತಿ ಕಚೇರಿಯಲ್ಲಿ ಇರಿಸಿದ ರೇಡಿಯೊದ ಸುತ್ತ ಕುಳಿತು ಹಲವರು ಒಟ್ಟಾಗಿ ಕೇಳುವುದು ಗ್ರಾಮೀಣ ಕರ್ನಾಟಕದಲ್ಲಿ ಸಾಮಾನ್ಯವಾಗಿತ್ತು. ಆದ್ದರಿಂದ ಅಂಗಳದಲ್ಲಿ ಆಲಿಸುವ ರೂಢಿ ಈ ಭಾಗಕ್ಕೆ ಹೊಸದಲ್ಲ. ಸಾಧನದ ಸ್ವರೂಪ ಮಾತ್ರ ಬದಲಾಗಿದೆ.

## ವಿಧಗಳು

ಮಿತವ್ಯಯದ ಅಂಗಳ ವ್ಯವಸ್ಥೆಗೆ ಬಳಕೆಯಲ್ಲಿರುವ ಸಾಧನಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಬಹುದು.

ಪೂರ್ಣಗಾತ್ರದ ಸ್ಟೀರಿಯೊ ರಿಸೀವರ್: ರೇಡಿಯೊ, ಹಲವು ಒಳಸೇರಿಕೆಗಳು ಮತ್ತು ಅನೇಕ ವೇಳೆ ‘ಎ’, ‘ಬಿ’ ಎಂಬ ಎರಡು ಜೋಡಿ ಸ್ಪೀಕರುಗಳಿಗೆ ಪ್ರತ್ಯೇಕ ಗುಂಡಿಗಳಿರುತ್ತವೆ. ಒಂದು ಜೋಡಿಯನ್ನು ಪಡಸಾಲೆಯಲ್ಲಿಯೂ ಇನ್ನೊಂದನ್ನು ಅಂಗಳದಲ್ಲಿಯೂ ಇರಿಸಲು ಇದು ಅನುಕೂಲ. ಹೊಸದರ ಬೆಲೆ ಹೆಚ್ಚು. ಬಳಸಿದ್ದು ಅಗ್ಗವಾಗಿ ದೊರೆಯುವುದುಂಟು.

ಡಿ-ವರ್ಗದ ಕಿರು ಆಂಪ್ಲಿಫೈಯರ್: ಅಂಗೈಯಗಲದ ಈ ಸಾಧನಗಳಲ್ಲಿ ಬ್ಲೂಟೂತ್, ಯುಎಸ್‌ಬಿ ಮತ್ತು ಕೆಲವೊಮ್ಮೆ ಎಫ್‌ಎಂ ಇರುತ್ತದೆ. ಟಿಪಿಎ3116ರಂತಹ ಚಿಪ್‌ಗಳನ್ನು ಇವುಗಳಲ್ಲಿ ಬಳಸಲಾಗುತ್ತದೆ. ಹೊರಗಿನ ಅಡಾಪ್ಟರ್ ಇವುಗಳ ಶಕ್ತಿಯನ್ನು ನಿರ್ಧರಿಸುತ್ತದೆ. 8 ಓಮ್ ಸ್ಪೀಕರಿಗೆ 12 ವೋಲ್ಟ್ ಅಡಾಪ್ಟರಿನಿಂದ ಪ್ರತಿ ವಾಹಿನಿಗೆ ಹೆಚ್ಚೆಂದರೆ ಸುಮಾರು 9 ವ್ಯಾಟ್ ದೊರೆತರೆ, 19 ವೋಲ್ಟಿನ ಹಳೆಯ ಲ್ಯಾಪ್‌ಟಾಪ್ ಅಡಾಪ್ಟರಿನಿಂದ ಸುಮಾರು 22 ವ್ಯಾಟ್ ದೊರೆಯುತ್ತದೆ. ಆಂಪ್ಲಿಫೈಯರ್ ತಾಳಿಕೊಳ್ಳುವ ಗರಿಷ್ಠ ವೋಲ್ಟೇಜನ್ನು ಮೊದಲೇ ಪರಿಶೀಲಿಸುವುದು ಅಗತ್ಯ.

ಕಾರ್ ಸ್ಟೀರಿಯೊ: ಹಳೆಯ ವಾಹನದಿಂದ ತೆಗೆದ ಕಾರ್ ಸ್ಟೀರಿಯೊವನ್ನು ಫ್ಯೂಸ್ ಇರುವ 12 ವೋಲ್ಟ್ ವಿದ್ಯುತ್ ಪೂರೈಕೆಗೆ ಅಥವಾ ಬ್ಯಾಟರಿಗೆ ಜೋಡಿಸಿ ಮನೆಯಲ್ಲಿ ಬಳಸುವುದು ಅತ್ಯಂತ ಅಗ್ಗದ ವಿಧಾನಗಳಲ್ಲೊಂದು. ಇದರಲ್ಲಿ ಉತ್ತಮ ಎಫ್‌ಎಂ ಗ್ರಾಹಕವೂ ಇರುತ್ತದೆ. ‘4×50 ವ್ಯಾಟ್’ ಎಂದು ಬರೆದಿದ್ದರೂ 12 ವೋಲ್ಟಿನಲ್ಲಿ 4 ಓಮ್ ಸ್ಪೀಕರಿಗೆ ದೊರೆಯಬಹುದಾದ ನೈಜ ಶಕ್ತಿ ಪ್ರತಿ ವಾಹಿನಿಗೆ ಸುಮಾರು 18 ವ್ಯಾಟ್ ಮಾತ್ರ. ಇವುಗಳಲ್ಲಿಯೂ ಬಹುತೇಕ ಡಿ-ವರ್ಗದ ಕಿರು ಸಾಧನಗಳಲ್ಲಿಯೂ ಎಡ ಮತ್ತು ಬಲ ಸ್ಪೀಕರುಗಳ ಋಣ ತಂತಿಗಳನ್ನು ಒಂದಕ್ಕೊಂದು ಸೇರಿಸಬಾರದು. ಪೆಟ್ಟಿಗೆಯ ಲೋಹಕ್ಕಾಗಲಿ ಭೂಸಂಪರ್ಕಕ್ಕಾಗಲಿ ತಾಗಿಸಲೂ ಬಾರದು. ಹಾಗೆ ಮಾಡಿದರೆ ಚಿಪ್ ಸುಟ್ಟುಹೋಗುವ ಸಾಧ್ಯತೆಯಿದೆ.

ಸಾರ್ವಜನಿಕ ಭಾಷಣದ ಆಂಪ್ಲಿಫೈಯರ್: ಮೈಕ್ ಸೆಟ್ ಅಂಗಡಿಗಳಲ್ಲಿ ದೊರೆಯುವ ಇವು ದೂರದವರೆಗೆ ತಂತಿ ಎಳೆಯಲು ಅನುಕೂಲವಾದ 100 ವೋಲ್ಟ್ ಲೈನ್ ವ್ಯವಸ್ಥೆಯನ್ನು ಹೊಂದಿರುತ್ತವೆ. ಸಾಮಾನ್ಯವಾಗಿ ಏಕವಾಹಿನಿಯವು. ಕೊಂಬಿನ ಸ್ಪೀಕರುಗಳು ಮಾತಿಗೆ ಸೂಕ್ತವಾದರೂ ಮಂದ್ರ ಸ್ವರಗಳನ್ನು ಬಹುಮಟ್ಟಿಗೆ ಕಳೆದುಕೊಳ್ಳುವುದರಿಂದ ಸಂಗೀತಕ್ಕೆ ಒಗ್ಗುವುದಿಲ್ಲ.

## ಅಗತ್ಯವಾದ ಶಕ್ತಿ

### ದೂರ ಮತ್ತು ಧ್ವನಿಮಟ್ಟ

ಸ್ಪೀಕರಿನ ಸಂವೇದನಶೀಲತೆ ಎಂದರೆ 1 ವ್ಯಾಟ್ ಶಕ್ತಿ ನೀಡಿದಾಗ 1 ಮೀಟರ್ ದೂರದಲ್ಲಿ ಅದು ಉಂಟುಮಾಡುವ ಧ್ವನಿಮಟ್ಟ. ಸಾಮಾನ್ಯ ಗೃಹಬಳಕೆಯ ಸ್ಪೀಕರಿನಲ್ಲಿ ಇದು 88 ಡೆಸಿಬೆಲ್‌ನ ಆಸುಪಾಸಿನಲ್ಲಿರುತ್ತದೆ. ಬಯಲಿನಲ್ಲಿ ದೂರ ಇಮ್ಮಡಿಯಾದಾಗಲೆಲ್ಲ ಧ್ವನಿಮಟ್ಟ 6 ಡೆಸಿಬೆಲ್ ಇಳಿಯುತ್ತದೆ. ಶಕ್ತಿ ಇಮ್ಮಡಿಯಾದರೆ ಏರುವುದು ಕೇವಲ 3 ಡೆಸಿಬೆಲ್. ಕಿವಿಗೆ ಸದ್ದು ‘ಎರಡರಷ್ಟು’ ಎನಿಸಲು ಸುಮಾರು 10 ಡೆಸಿಬೆಲ್ ಏರಿಕೆ, ಅಂದರೆ ಹತ್ತುಪಟ್ಟು ಶಕ್ತಿ ಬೇಕು. ಗೋಡೆಗಳ ಪ್ರತಿಫಲನವನ್ನು ಬಿಟ್ಟು, 88 ಡೆಸಿಬೆಲ್‌ನ ಒಂದು ಸ್ಪೀಕರಿಗೆ ಲೆಕ್ಕ ಹಾಕಿದರೆ ಹೀಗಾಗುತ್ತದೆ:

| ದೂರ | 0.1 ವ್ಯಾಟ್ | 1 ವ್ಯಾಟ್ | 10 ವ್ಯಾಟ್ |
|---|---|---|---|
| 1 ಮೀಟರ್ | 78 ಡೆಸಿಬೆಲ್ | 88 ಡೆಸಿಬೆಲ್ | 98 ಡೆಸಿಬೆಲ್ |
| 2 ಮೀಟರ್ | 72 ಡೆಸಿಬೆಲ್ | 82 ಡೆಸಿಬೆಲ್ | 92 ಡೆಸಿಬೆಲ್ |
| 4 ಮೀಟರ್ | 66 ಡೆಸಿಬೆಲ್ | 76 ಡೆಸಿಬೆಲ್ | 86 ಡೆಸಿಬೆಲ್ |
| 8 ಮೀಟರ್ | 60 ಡೆಸಿಬೆಲ್ | 70 ಡೆಸಿಬೆಲ್ | 80 ಡೆಸಿಬೆಲ್ |

ಎದುರುಬದುರು ಕುಳಿತವರ ಸಾಮಾನ್ಯ ಸಂಭಾಷಣೆ ಸುಮಾರು 60 ಡೆಸಿಬೆಲ್ ಇರುತ್ತದೆ. ಆದ್ದರಿಂದ ಎರಡು ಮೀಟರ್ ದೂರದ ಸ್ಪೀಕರಿಗೆ ವ್ಯಾಟಿನ ಹತ್ತನೆಯ ಒಂದು ಭಾಗ ಕೊಟ್ಟರೂ ಸಂಗೀತ ಮಾತಿನ ಮೇಲೆ ಸ್ಪಷ್ಟವಾಗಿ ಕೇಳಿಸುತ್ತದೆ. ತಬಲಾ, ಡೊಳ್ಳಿನಂತಹ ವಾದ್ಯಗಳ ಕ್ಷಣಿಕ ಪೆಟ್ಟುಗಳು ಸರಾಸರಿಗಿಂತ 10ರಿಂದ 15 ಡೆಸಿಬೆಲ್ ಮೇಲೇರುವುದರಿಂದ ಮೀಸಲು ಶಕ್ತಿ ಬೇಕಾಗುತ್ತದೆ. ಅದನ್ನು ಸೇರಿಸಿದರೂ ಸಾಧಾರಣ ಅಂಗಳಕ್ಕೆ ಪ್ರತಿ ವಾಹಿನಿಗೆ ನೈಜವಾದ 10ರಿಂದ 20 ವ್ಯಾಟ್ ಸಾಕು. 50 ವ್ಯಾಟಿನ ರಿಸೀವರಿಗೆ ಬದಲಾಗಿ 100 ವ್ಯಾಟಿನದನ್ನು ಕೊಂಡರೆ ಲಾಭ 3 ಡೆಸಿಬೆಲ್. ಅದೇ ಸ್ಪೀಕರನ್ನು ನಾಲ್ಕು ಮೀಟರಿನಿಂದ ಎರಡು ಮೀಟರಿಗೆ ತಂದರೆ, ಯಾವ ವೆಚ್ಚವೂ ಇಲ್ಲದೆ, ಲಾಭ 6 ಡೆಸಿಬೆಲ್.

### ಮುದ್ರಿತ ವ್ಯಾಟ್ ಸಂಖ್ಯೆಗಳು

ಮಾರುಕಟ್ಟೆಯಲ್ಲಿ ಶಕ್ತಿಯನ್ನು ಎರಡು ಬಗೆಯಲ್ಲಿ ಸೂಚಿಸಲಾಗುತ್ತದೆ. ಆರ್‌ಎಂಎಸ್ ಎಂಬುದು ಸಾಧನ ನಿರಂತರವಾಗಿ ನೀಡಬಲ್ಲ ಶಕ್ತಿ. ಪಿಎಂಪಿಒ ಎಂಬುದಕ್ಕೆ ಸರ್ವಮಾನ್ಯ ಅಳತೆಯ ವಿಧಾನವೇ ಇಲ್ಲ. ಸಾವಿರಾರು ವ್ಯಾಟ್‌ಗಳ ಘೋಷಣೆಗಳು ಸಾಮಾನ್ಯವಾಗಿ ಈ ಬಗೆಯವು. ಇದನ್ನು ಪರೀಕ್ಷಿಸಲು ಸರಳ ಉಪಾಯವಿದೆ. ಸಾಧನದ ಹಿಂಬದಿಯಲ್ಲಿ ಅಥವಾ ಅಡಾಪ್ಟರಿನ ಮೇಲೆ ಅದು ಬಳಸುವ ವಿದ್ಯುತ್ತಿನ ಪ್ರಮಾಣ ನಮೂದಾಗಿರುತ್ತದೆ. ನಿರಂತರವಾಗಿ ಹೊರಬರುವ ಶಕ್ತಿ ಒಳಹೋಗುವ ಶಕ್ತಿಯನ್ನು ಎಂದಿಗೂ ಮೀರಲಾರದು. ಹಿಂಬದಿಯಲ್ಲಿ 40 ವ್ಯಾಟ್ ಎಂದಿದ್ದರೆ, ಮುಂಬದಿಯಲ್ಲಿ ಎಷ್ಟೇ ಸೊನ್ನೆಗಳಿದ್ದರೂ ಎರಡೂ ವಾಹಿನಿ ಸೇರಿ ದೊರೆಯುವುದು ಅದಕ್ಕಿಂತ ಕಡಿಮೆಯೇ. ಶೇಕಡಾ 10ರಷ್ಟು ವಿಕೃತಿಯಲ್ಲಿ ಅಳೆದ ಶಕ್ತಿ ಶೇಕಡಾ 1ರ ವಿಕೃತಿಯಲ್ಲಿ ಅಳೆದುದಕ್ಕಿಂತ ಹೆಚ್ಚಾಗಿ ತೋರುವುದರಿಂದ, ಎರಡು ಸಾಧನಗಳನ್ನು ಹೋಲಿಸುವಾಗ ಆ ಅಂಕಿಯನ್ನೂ ಗಮನಿಸಬೇಕಾಗುತ್ತದೆ.

## ಇಂಪೀಡೆನ್ಸ್ ಮತ್ತು ತಂತಿ

ಪರ್ಯಾಯ ವಿದ್ಯುತ್ ಪ್ರವಾಹಕ್ಕೆ ಸ್ಪೀಕರ್ ಒಡ್ಡುವ ತಡೆಯೇ ಇಂಪೀಡೆನ್ಸ್. ಸಾಮಾನ್ಯವಾಗಿ ಅದು 4, 6 ಅಥವಾ 8 ಓಮ್ ಇರುತ್ತದೆ. 8 ಓಮಿನ ಎರಡು ಸ್ಪೀಕರುಗಳನ್ನು ಒಂದೇ ವಾಹಿನಿಗೆ ಸಮಾಂತರವಾಗಿ ಜೋಡಿಸಿದರೆ ಒಟ್ಟು 4 ಓಮ್ ಆಗುತ್ತದೆ. ನಾಲ್ಕನ್ನು ಜೋಡಿಸಿದರೆ 2 ಓಮ್. ಅನೇಕ ರಿಸೀವರುಗಳಲ್ಲಿ ‘ಎ’ ಮತ್ತು ‘ಬಿ’ ಜೋಡಿಗಳು ಒಟ್ಟಿಗೆ ಚಾಲೂ ಆದಾಗ ಸಮಾಂತರವಾಗಿಯೇ ಸೇರುತ್ತವೆ. ಸಾಧನಕ್ಕೆ ನಿಗದಿಯಾದ ಕನಿಷ್ಠ ಓಮ್‌ಗಿಂತ ಕೆಳಗಿಳಿದರೆ ಅದು ಮಿತಿಮೀರಿ ಕಾದು ಸ್ಥಗಿತಗೊಳ್ಳುತ್ತದೆ ಅಥವಾ ಕೆಡುತ್ತದೆ. ಬೇಸಿಗೆಯಲ್ಲಿ ಈ ಅಪಾಯ ಇನ್ನೂ ಹೆಚ್ಚು.

ತಂತಿಯ ರೋಧವೂ ಲೆಕ್ಕಕ್ಕೆ ಬರುತ್ತದೆ. 1.5 ಚದರ ಮಿಲಿಮೀಟರ್ ಅಡ್ಡಕೊಯ್ತದ ತಾಮ್ರದ ತಂತಿಯಲ್ಲಿ ಪ್ರತಿ ಮೀಟರಿಗೆ ಸುಮಾರು 0.012 ಓಮ್ ರೋಧವಿರುತ್ತದೆ. ರಿಸೀವರಿನಿಂದ ಸ್ಪೀಕರ್ 15 ಮೀಟರ್ ದೂರವಿದ್ದರೆ ಹೋಗಿ ಬರುವ ಉದ್ದ 30 ಮೀಟರ್. ರೋಧ ಸುಮಾರು 0.36 ಓಮ್. 8 ಓಮ್ ಸ್ಪೀಕರಿಗೆ ಇದು ಶೇಕಡಾ 5ರೊಳಗಿನ ನಷ್ಟವಾದ್ದರಿಂದ ಗಮನಕ್ಕೆ ಬಾರದು. 4 ಓಮ್ ಸ್ಪೀಕರಿಗೆ 2.5 ಚದರ ಮಿಲಿಮೀಟರಿನ ತಂತಿ ಉತ್ತಮ. ಮನೆಯ ವೈರಿಂಗಿಗೆ ಬಳಸುವ ಬಹುಎಳೆಯ ತಾಮ್ರದ ತಂತಿಯೇ ಈ ಕೆಲಸಕ್ಕೆ ಸಾಕು. ದುಬಾರಿ ‘ವಿಶೇಷ’ ಸ್ಪೀಕರ್ ತಂತಿಯಿಂದ ಪ್ರತ್ಯೇಕ ಲಾಭವಿಲ್ಲ. ತೆರೆದ ಜಾಗದಲ್ಲಿ ತಂತಿಯನ್ನು ಪಿವಿಸಿ ಕೊಳವೆಯೊಳಗೆ ಹಾಯಿಸಿದರೆ ಬಿಸಿಲು ಮತ್ತು ಇಲಿಗಳಿಂದ ರಕ್ಷಣೆ ದೊರೆಯುತ್ತದೆ.

## ತಾಪ, ಧೂಳು ಮತ್ತು ಮಳೆ

ಕಲಬುರಗಿ ಜಿಲ್ಲೆಯಲ್ಲಿ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಹಗಲಿನ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಗೃಹಬಳಕೆಯ ಅನೇಕ ರಿಸೀವರುಗಳ ಕೈಪಿಡಿಗಳು ಬಳಕೆಯ ಗರಿಷ್ಠ ಉಷ್ಣತೆಯನ್ನು 35 ಅಥವಾ 40 ಡಿಗ್ರಿಗೆ ಮಿತಿಗೊಳಿಸುತ್ತವೆ. ಸಾಂಪ್ರದಾಯಿಕ ಎಬಿ-ವರ್ಗದ ಆಂಪ್ಲಿಫೈಯರಿನ ದಕ್ಷತೆ ಸೈದ್ಧಾಂತಿಕವಾಗಿಯೂ ಶೇಕಡಾ 78.5ನ್ನು ಮೀರುವುದಿಲ್ಲ, ಉಳಿದ ಶಕ್ತಿ ಶಾಖವಾಗಿ ಹೊರಬೀಳುತ್ತದೆ. ಡಿ-ವರ್ಗದ ಸಾಧನಗಳು ಪೂರ್ಣಶಕ್ತಿಯಲ್ಲಿ ಶೇಕಡಾ 85–90ರಷ್ಟು ದಕ್ಷತೆ ಹೊಂದಿರುವುದರಿಂದ ಕಡಿಮೆ ಕಾಯುತ್ತವೆ ಮತ್ತು ಬ್ಯಾಟರಿಯಲ್ಲಿ ಹೆಚ್ಚು ಹೊತ್ತು ನಡೆಯುತ್ತವೆ. ಯಾವುದೇ ಬಗೆಯಾದರೂ ರಿಸೀವರನ್ನು ಮನೆಯೊಳಗಿನ ತಂಪಾದ ಗೋಡೆಯ ಬಳಿ, ಮೇಲ್ಭಾಗದಲ್ಲಿ ಕನಿಷ್ಠ ಒಂದು ಗೇಣು ತೆರವಿರುವಂತೆ ಇರಿಸುವುದು ಸೂಕ್ತ. ಗಾಳಿಯಾಡದ ಕಪಾಟಾಗಲಿ ಮೇಲೆ ಹೊದಿಸಿದ ಬಟ್ಟೆಯಾಗಲಿ ಇರಬಾರದು.

ಸೇಡಂ, ವಾಡಿ ಮತ್ತು ಶಹಾಬಾದ್ ಸುತ್ತಲಿನ ಸುಣ್ಣಕಲ್ಲಿನ ಗಣಿಗಳು, ಕಲ್ಲು ಕತ್ತರಿಸುವ ಘಟಕಗಳು ಮತ್ತು ಸಿಮೆಂಟ್ ಕಾರ್ಖಾನೆಗಳಿಂದಾಗಿ ಗಾಳಿಯಲ್ಲಿ ನುಣ್ಣನೆಯ ಧೂಳು ಇರುತ್ತದೆ. ಧೂಳು ರಿಸೀವರಿನ ಶಾಖಹಾರಕದ ಮೇಲೆ ಕಂಬಳಿಯಂತೆ ಕೂತು ತಂಪಾಗುವುದನ್ನು ತಡೆಯುತ್ತದೆ. ಧ್ವನಿ ನಿಯಂತ್ರಕದ ಗುಂಡಿಯೊಳಗೆ ಸೇರಿ ಕರಕರ ಸದ್ದು ಉಂಟುಮಾಡುತ್ತದೆ.

ಹೊರಗಿಡುವ ಸ್ಪೀಕರಿನ ರಕ್ಷಣೆಯನ್ನು ಐಪಿ ಸಂಕೇತದಿಂದ ಸೂಚಿಸಲಾಗುತ್ತದೆ. ಅದರ ಮೊದಲ ಅಂಕಿ ಧೂಳಿನ ವಿರುದ್ಧ, ಎರಡನೆಯದು ನೀರಿನ ವಿರುದ್ಧ ಇರುವ ರಕ್ಷಣೆಯ ಮಟ್ಟ. ಐಪಿ54 ಎಂದರೆ ಸೀಮಿತ ಧೂಳು ಮತ್ತು ಎರಚುವ ನೀರಿನಿಂದ ರಕ್ಷಣೆ. ಐಪಿ65 ಎಂದರೆ ಧೂಳು ಒಳಸೇರದು, ನೀರಿನ ಜೆಟ್ ಅನ್ನೂ ತಾಳುತ್ತದೆ. ಐಪಿಎಕ್ಸ್5 ಎಂಬಲ್ಲಿ ‘ಎಕ್ಸ್’ ಅಕ್ಷರವು ಧೂಳಿನ ಪರೀಕ್ಷೆಯ ಫಲಿತಾಂಶ ನೀಡಲಾಗಿಲ್ಲವೆಂದು ತಿಳಿಸುತ್ತದೆ. ‘ಜಲನಿರೋಧಕ’ ಎಂಬ ಬರಹವನ್ನಷ್ಟೇ ನೋಡಿ ಕೊಂಡ ಸ್ಪೀಕರ್ ಧೂಳಿನ ಊರಿನಲ್ಲಿ ಬಾಳದೇ ಇರಬಹುದು. ಇಂತಹ ಪ್ರಮಾಣೀಕೃತ ಸ್ಪೀಕರ್ ಕೈಗೆಟುಕದಿದ್ದರೆ, ಸಾಮಾನ್ಯ ಸ್ಪೀಕರನ್ನು ಛಾವಣಿಯ ಚಾಚಿನ ಕೆಳಗೆ ತುಸು ಕೆಳಮುಖವಾಗಿ ತೂಗುಹಾಕಿ, ಮುಂಗಾರಿನಲ್ಲಿ ಒಳಗೆ ತೆಗೆದಿಡುವುದು ಬದಲಿ ಕ್ರಮ.

## ಕಲ್ಲುಹಾಸಿನ ಅಂಗಳದ ಧ್ವನಿಗುಣ

ಭೀಮಾ ಜಲಾನಯನದ ಪದರು ಪದರಾದ ಸುಣ್ಣಕಲ್ಲು ‘ಶಹಾಬಾದ್ ಕಲ್ಲು’ ಎಂದು ಪ್ರಸಿದ್ಧ. ಈ ಭಾಗದ ಮನೆಗಳ ನೆಲ, ಅಂಗಳ ಮತ್ತು ಕಟ್ಟೆಗಳಿಗೆ ಇದನ್ನೇ ಹಾಸಲಾಗುತ್ತದೆ. ಗಟ್ಟಿಯಾದ ಕಲ್ಲು ತನ್ನ ಮೇಲೆ ಬಿದ್ದ ಧ್ವನಿಯ ಬಹುಪಾಲನ್ನು ಹಿಂದಿರುಗಿಸುತ್ತದೆ. ಅಂಗಳದ ಮೇಲ್ಭಾಗ ತೆರೆದಿರುವುದರಿಂದ ಕೋಣೆಯಂತೆ ಧ್ವನಿ ಮೊಳಗುವುದಿಲ್ಲವಾದರೂ, ಎದುರುಬದುರಾದ ಎರಡು ಗಾರೆಗೋಡೆಗಳ ನಡುವೆ ಸದ್ದು ಪುಟಿದಾಡಿ ಮಾತು ಅಸ್ಪಷ್ಟವಾಗುವುದುಂಟು. ಚಪ್ಪಾಳೆ ತಟ್ಟಿ ಇದನ್ನು ಪರೀಕ್ಷಿಸಬಹುದು. ಸ್ಪೀಕರುಗಳನ್ನು ಗೋಡೆಗೆ ನೇರವಾಗಿ ಎದುರಾಗಿಸದೆ ಓರೆಯಾಗಿಸುವುದು, ಅಂಗಳದಲ್ಲಿ ಗಿಡಗಳನ್ನು ಇರಿಸುವುದು, ಕೂರುವಲ್ಲಿ ಜಮಖಾನ ಹಾಸುವುದು ಇದಕ್ಕೆ ಸುಲಭ ಪರಿಹಾರ.

ತೆರೆದ ಜಾಗದಲ್ಲಿ ಮಂದ್ರ ಸ್ವರಗಳು ಕ್ಷೀಣವಾಗಿ ಕೇಳಿಸುತ್ತವೆ. ಸ್ಪೀಕರನ್ನು ಗೋಡೆಗೆ ಹತ್ತಿರವಾಗಿ ಅಥವಾ ಮೂಲೆಯಲ್ಲಿ ಇರಿಸಿದರೆ ಆ ಮೇಲ್ಮೈಗಳೇ ಮಂದ್ರವನ್ನು ಬಲಪಡಿಸುವುದರಿಂದ ಪ್ರತ್ಯೇಕ ಸಬ್‌ವೂಫರಿನ ಖರ್ಚು ಉಳಿಯುತ್ತದೆ. ಸ್ಟೀರಿಯೊ ಅನುಭವ ಎರಡು ಸ್ಪೀಕರುಗಳಿಂದ ಸಮದೂರದಲ್ಲಿ ಕುಳಿತವರಿಗೆ ಮಾತ್ರ ಪೂರ್ಣವಾಗಿ ದಕ್ಕುತ್ತದೆ. ಜನರು ಅಲ್ಲಲ್ಲಿ ಕುಳಿತು ಓಡಾಡುವ ಅಂಗಳದಲ್ಲಿ, ಎರಡೂ ವಾಹಿನಿಗಳನ್ನು ಬೆರೆಸುವ ‘ಮೋನೊ’ ಗುಂಡಿ ಇರುವ ರಿಸೀವರ್ ಹೆಚ್ಚು ಉಪಯುಕ್ತ.

## ಬಾನುಲಿ ಗ್ರಹಣ ಮತ್ತು ಬ್ಲೂಟೂತ್

ಎಫ್‌ಎಂ ತರಂಗಗಳು ಬಹುಮಟ್ಟಿಗೆ ನೇರ ದೃಷ್ಟಿರೇಖೆಯಲ್ಲಿ ಸಾಗುತ್ತವೆ. ಚಿಂಚೋಳಿ ತಾಲ್ಲೂಕಿನ ಚಂದ್ರಂಪಳ್ಳಿ ಜಲಾಶಯದ ಸುತ್ತಲಿನಂತಹ, ನಗರದಿಂದ ದೂರದ ಗುಡ್ಡಕಾಡಿನ ಊರುಗಳಲ್ಲಿ ಸಂಕೇತ ದುರ್ಬಲವಾಗಬಹುದು. ಇಂತಹ ಕಡೆ ರಿಸೀವರಿನೊಂದಿಗೆ ಬರುವ ತುಂಡುತಂತಿಗೆ ಬದಲಾಗಿ, ಒಟ್ಟು ಸುಮಾರು 1.5 ಮೀಟರ್ ಉದ್ದದ ದ್ವಿಧ್ರುವ ಆಂಟೆನಾವನ್ನು ಮಾಳಿಗೆಯ ಮೇಲೆ ಎತ್ತರದಲ್ಲಿ ಕಟ್ಟುವುದರಿಂದ ಸ್ಪಷ್ಟತೆ ಹೆಚ್ಚುತ್ತದೆ. ಸ್ಟೀರಿಯೊ ಗ್ರಹಣಕ್ಕೆ ಮೋನೊಗಿಂತ ಪ್ರಬಲ ಸಂಕೇತ ಬೇಕಾದ್ದರಿಂದ, ಮೋನೊಗೆ ಬದಲಾಯಿಸಿದರೆ ‘ಸ್’ ಎಂಬ ಸದ್ದು ಅಡಗುತ್ತದೆ. ಮಧ್ಯಮ ತರಂಗವನ್ನು ಕೇಳುವವರು ಅಗ್ಗದ ಅಡಾಪ್ಟರುಗಳು ಹಾಗೂ ಡಿ-ವರ್ಗದ ಸಾಧನಗಳು ಅದರಲ್ಲಿ ಗೊರಗೊರ ಸದ್ದು ಉಂಟುಮಾಡಬಲ್ಲವು ಎಂಬುದನ್ನು ಗಮನಿಸಬೇಕಾಗುತ್ತದೆ.

ಬ್ಲೂಟೂತ್ ಸಂಪರ್ಕದ ವ್ಯಾಪ್ತಿ ಸಾಮಾನ್ಯವಾಗಿ 10 ಮೀಟರಿನಷ್ಟು. ದಪ್ಪನೆಯ ಕಲ್ಲುಗೋಡೆ ನಡುವೆ ಬಂದರೆ ಅದು ಗಣನೀಯವಾಗಿ ಕುಗ್ಗುತ್ತದೆ. ರಿಸೀವರನ್ನು ಅಂಗಳದ ಕಡೆಗೆ ತೆರೆಯುವ ಕಿಟಕಿ ಅಥವಾ ಬಾಗಿಲಿನ ಬಳಿ ಇರಿಸಿದರೆ ಈ ತೊಂದರೆ ತಪ್ಪುತ್ತದೆ.

## ವಿದ್ಯುತ್ ಸುರಕ್ಷತೆ

ಭಾರತದಲ್ಲಿ ಗೃಹಬಳಕೆಯ ವಿದ್ಯುತ್ತು 230 ವೋಲ್ಟ್, 50 ಹರ್ಟ್ಸ್. ರಿಸೀವರನ್ನು ಒಳಗಿರಿಸಿ ಸ್ಪೀಕರ್ ತಂತಿಯನ್ನಷ್ಟೇ ಹೊರಗೆಳೆಯುವ ಕ್ರಮದ ಮುಖ್ಯ ಲಾಭ ಸುರಕ್ಷತೆಯೇ: ಒದ್ದೆ ಅಂಗಳಕ್ಕೆ 230 ವೋಲ್ಟ್ ತಲುಪುವುದೇ ಇಲ್ಲ. ಹೊರಗೆ ವಿದ್ಯುತ್ ಸಂಪರ್ಕ ಅನಿವಾರ್ಯವಾದರೆ, ಸರಿಯಾದ ಅರ್ಥಿಂಗ್ ಇರುವ ಮೂರು ಪಿನ್ನಿನ ಸಾಕೆಟ್ ಮತ್ತು 30 ಮಿಲಿಆಂಪಿಯರ್ ಸೋರಿಕೆಗೆ ಸಂಪರ್ಕ ಕಡಿಯುವ ಆರ್‌ಸಿಸಿಬಿ ಇರಬೇಕು. ಮುಂಗಾರು ಪೂರ್ವದ ಗುಡುಗು ಮಳೆಯ ಕಾಲದಲ್ಲಿ, ಸಿಡಿಲು ಸಮೀಪಿಸುವ ಮುನ್ನವೇ ರಿಸೀವರಿನ ಪ್ಲಗ್ ಮತ್ತು ಮಾಳಿಗೆಯ ಆಂಟೆನಾದ ತಂತಿ ಎರಡನ್ನೂ ಕಳಚುವುದು ಅವಶ್ಯ. ಸ್ವಿಚ್ ಆರಿಸುವುದಷ್ಟೇ ಸಾಲದು. ಚೌಕ ತರಂಗದ ಅಗ್ಗದ ಇನ್ವರ್ಟರುಗಳಲ್ಲಿ ರಿಸೀವರ್ ಗುಂಯ್‌ಗುಡಬಹುದು. 12 ವೋಲ್ಟಿನ ಸಾಧನಗಳನ್ನು ನೇರವಾಗಿ ಬ್ಯಾಟರಿಯಿಂದ ನಡೆಸಿದರೆ ಈ ದೋಷವಿರುವುದಿಲ್ಲ.

## ಬಳಸಿದ ರಿಸೀವರ್ ಕೊಳ್ಳುವಾಗ

ಬಳಸಿದ ಸಾಧನವನ್ನು ಸ್ಪೀಕರ್ ಜೋಡಿಸಿ ಕನಿಷ್ಠ ಅರ್ಧ ಗಂಟೆ ನಡೆಸಿ ನೋಡುವುದು ಒಳಿತು. ಅನೇಕ ದೋಷಗಳು ಬಿಸಿಯಾದ ಮೇಲೆಯೇ ಪ್ರಕಟವಾಗುತ್ತವೆ. ಎರಡೂ ವಾಹಿನಿಗಳ ಧ್ವನಿಮಟ್ಟ ಸಮವಾಗಿರಬೇಕು. ನಿರಂತರ ಗುಂಯ್ ಸದ್ದು ಒಣಗಿದ ಕೆಪಾಸಿಟರುಗಳ ಲಕ್ಷಣವಾಗಿರಬಹುದು. ಗುಂಡಿಗಳ ಕರಕರ ಸದ್ದು ಸಂಪರ್ಕ ಶುದ್ಧಿಕಾರಕದಿಂದ ಹೋಗುವಂಥದ್ದು. ಅದಕ್ಕಾಗಿ ಸಾಧನವನ್ನು ತಿರಸ್ಕರಿಸಬೇಕಾಗಿಲ್ಲ. ಹಳೆಯ ರಿಸೀವರಿನಲ್ಲಿ ಬ್ಲೂಟೂತ್ ಇಲ್ಲದಿದ್ದರೂ, ಅದರ ‘ಆಕ್ಸ್’ ಒಳಸೇರಿಕೆಗೆ ಚಿಕ್ಕ ಬ್ಲೂಟೂತ್ ಅಡಾಪ್ಟರ್ ಸೇರಿಸಿ ಆ ಕೊರತೆ ನೀಗಿಸಬಹುದು.

## ಶಬ್ದ ನಿಯಮಗಳು ಮತ್ತು ನೆರೆಹೊರೆ

ಭಾರತದ ಶಬ್ದ ಮಾಲಿನ್ಯ (ನಿಯಂತ್ರಣ) ನಿಯಮಗಳು, 2000ರ ಪ್ರಕಾರ ವಸತಿ ಪ್ರದೇಶದಲ್ಲಿ ಶಬ್ದದ ಮಿತಿ ಹಗಲಿನಲ್ಲಿ 55, ರಾತ್ರಿಯಲ್ಲಿ 45 ಡೆಸಿಬೆಲ್. ಬೆಳಿಗ್ಗೆ 6ರಿಂದ ರಾತ್ರಿ 10ರವರೆಗಿನ ಅವಧಿಯನ್ನು ಹಗಲೆಂದು ಪರಿಗಣಿಸಲಾಗುತ್ತದೆ. ಖಾಸಗಿ ಧ್ವನಿ ವ್ಯವಸ್ಥೆಯ ಸದ್ದು ಆ ಸ್ಥಳದ ಎಲ್ಲೆಯಲ್ಲಿ ಈ ಮಿತಿಯನ್ನು 5 ಡೆಸಿಬೆಲ್‌ಗಿಂತ ಹೆಚ್ಚು ಮೀರುವಂತಿಲ್ಲ. ಎಂದರೆ ನಿವೇಶನದ ಎಲ್ಲೆಯಲ್ಲಿ ಹಗಲು 60, ರಾತ್ರಿ 50 ಡೆಸಿಬೆಲ್.

ಮೇಲಿನ ಕೋಷ್ಟಕದೊಂದಿಗೆ ಇದನ್ನು ಹೋಲಿಸಿದರೆ, ಎಲ್ಲೆ 8 ಮೀಟರ್ ದೂರವಿದ್ದಾಗ ಹಗಲಿನ ಮಿತಿಯನ್ನು ತಲುಪಲು ಸರಾಸರಿ 0.1 ವ್ಯಾಟ್, ರಾತ್ರಿಯ ಮಿತಿಯನ್ನು ತಲುಪಲು 0.01 ವ್ಯಾಟ್ ಸಾಕೆಂದು ತಿಳಿಯುತ್ತದೆ. ಈ ಲೆಕ್ಕ ಸ್ಥೂಲವಾದದ್ದು. ಗೋಡೆಗಳು ಮತ್ತು ಸಂಗೀತದ ಸ್ವರೂಪಕ್ಕೆ ಅನುಗುಣವಾಗಿ ಕೆಲವು ಡೆಸಿಬೆಲ್ ವ್ಯತ್ಯಾಸವಾಗುತ್ತದೆ. ಆದರೂ ಅದರಿಂದ ಹೊರಡುವ ತೀರ್ಮಾನ ಸ್ಪಷ್ಟ: ಎಲ್ಲೆಯ ಬಳಿ ಒಂದು ದೊಡ್ಡ ಸ್ಪೀಕರಿಗಿಂತ, ಕೇಳುಗರ ಸಮೀಪದಲ್ಲಿ ಒಳಮುಖವಾಗಿ ಇರಿಸಿದ ಎರಡು ಚಿಕ್ಕ ಸ್ಪೀಕರುಗಳಿಂದ ಕೇಳುವವರಿಗೆ ಹೆಚ್ಚು, ನೆರೆಯವರಿಗೆ ಕಡಿಮೆ ಸದ್ದು ತಲುಪುತ್ತದೆ.

ವಾಡಿಯಂತಹ ರೈಲು ಜಂಕ್ಷನ್ ಊರಿನಲ್ಲಿ ಹಿನ್ನೆಲೆಯ ಸದ್ದು ಸದಾ ಇರುತ್ತದೆ. ಕಾಡಂಚಿನ ಊರುಗಳಲ್ಲಿ ರಾತ್ರಿ ಬಹು ನಿಶ್ಶಬ್ದವಾದ್ದರಿಂದ ಅಷ್ಟೇ ಸದ್ದು ಎದ್ದು ಕೇಳಿಸುತ್ತದೆ. ಬೇಸಿಗೆಯ ಸಂಜೆಯ ಬಳಿಕ ನೆಲ ಬೇಗ ತಣಿದು, ಅದರ ಮೇಲಿನ ಗಾಳಿ ಬಿಸಿಯಾಗಿಯೇ ಉಳಿದಾಗ ಧ್ವನಿ ತರಂಗಗಳು ಕೆಳಕ್ಕೆ ಬಾಗಿ ಹಗಲಿಗಿಂತ ದೂರ ಸಾಗುತ್ತವೆ. ಉತ್ತರ ಕರ್ನಾಟಕದಲ್ಲಿ ಬೇಸಿಗೆಯ ರಾತ್ರಿ ಮಾಳಿಗೆಯ ಮೇಲೆ ಮಲಗುವ ರೂಢಿಯೂ ಇರುವುದರಿಂದ, ಪಕ್ಕದ ಮನೆಯವರ ನಿದ್ರೆಗೂ ಅಂಗಳದ ಸ್ಪೀಕರಿಗೂ ನಡುವೆ ತಡೆಯಾಗಿ ಒಂದು ಗೋಡೆಯೂ ಇರುವುದಿಲ್ಲ. ಸದ್ದು ತಗ್ಗಿದಾಗ ಕಿವಿಗೆ ಮೊದಲು ಮರೆಯಾಗುವುದು ಮಂದ್ರ ಸ್ವರಗಳು. ಆದ್ದರಿಂದ ಕಡಿಮೆ ಧ್ವನಿಯಲ್ಲಿಯೂ ಸಂಗೀತ ತುಂಬಿ ಕೇಳುವಂತೆ ಮಾಡುವ ‘ಲೌಡ್‌ನೆಸ್’ ಗುಂಡಿ ಹಾಗೂ ನಯವಾಗಿ ತಿರುಗುವ ಧ್ವನಿ ನಿಯಂತ್ರಕ ಇರುವ ಸಾಧಾರಣ ಶಕ್ತಿಯ ರಿಸೀವರ್, ಅಬ್ಬರದ ವ್ಯಾಟ್ ಸಂಖ್ಯೆಯ ಪೆಟ್ಟಿಗೆಗಿಂತ ಅಂಗಳಕ್ಕೆ ಹೆಚ್ಚು ಸೂಕ್ತವೆನಿಸುತ್ತದೆ.

## ಇವನ್ನೂ ನೋಡಿ

* ಆಕಾಶವಾಣಿ
* ಧ್ವನಿವರ್ಧಕ
* ಡೆಸಿಬೆಲ್
* ಶಬ್ದ ಮಾಲಿನ್ಯ
* ಶಹಾಬಾದ್
* ಚಂದ್ರಂಪಳ್ಳಿ